ಗೂಡು ಹೊತ್ತು ಗುಡ್ಡ ದಾಟಿದವನು

ಯಾವ ವಸ್ತು ಕೈಗೆ ಬಂದರೂ ಅವನು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಿದ್ದ. ಕಡಲೆಕಾಯಿಯಾದರೆ ಸರಿ, ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದೇ. ಬೀಜ ಬಲಿತಿದ್ದರೆ ಒಳಗೆ ಗಲಗಲ ಅನ್ನುತ್ತದೆ. ಅವನು ಸೀಮೆಸುಣ್ಣದ ಡಬ್ಬಿ, ಬೆಂಕಿಪೊಟ್ಟಣ, ಹೆಡ್‌ಮಾಸ್ಟರ ಕನ್ನಡಕದ ಪೆಟ್ಟಿಗೆ, ಅಂಚೆಯಲ್ಲಿ ಬಂದ ಲಕೋಟೆ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಆಗಸ್ಟ್ ಹದಿನೈದರಂದು ಮೈಕು ಹಿಡಿದುಕೋ ಎಂದು ಕೊಟ್ಟರೆ ಅದನ್ನೂ ಅಲ್ಲಾಡಿಸಿ ಕಿವಿಗಿಟ್ಟುಕೊಂಡ. ಮಕ್ಕಳ ಸಾಲು ಸಾಲೇ ನಕ್ಕಿತು, ಅತಿಥಿಗಳೂ ನಕ್ಕರು. ನಿವೃತ್ತಿಯ ದಿನ ನಾವೆಲ್ಲ ಸೇರಿ ಒಂದು ಮೊಬೈಲ್ ಫೋನು ಕೊಟ್ಟೆವು. ಅಲ್ಲಾಡಿಸಿ ನೋಡಿ, "ಒಳಗೇನೂ ಇಲ್ವಲ್ಲ ಸಾ" ಅಂದ.

ಅವನು ನಾನು ಪಾಠ ಹೇಳುತ್ತಿದ್ದ ಹೈಸ್ಕೂಲಿನ ಜವಾನ. ಮೊಳಕಾಲ್ಮೂರು ತಾಲ್ಲೂಕಿನ ಆ ಊರಿನ ಬೆನ್ನಿಗೇ ಬಂಡೆಗಳ ಗುಡ್ಡ, ಗುಡ್ಡದ ಆ ಕಡೆ ಆಂಧ್ರ. ನಾನು ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹದಿನೇಳು ವರ್ಷ ಅವನು ಹೊಡೆದ ಗಂಟೆಗೆ ಎದ್ದಿದ್ದೇನೆ, ಕೂತಿದ್ದೇನೆ. ಹೋದ ತಿಂಗಳು ತೀರಿಕೊಂಡ. ಹೆಸರು ಬರೆಯುವುದಿಲ್ಲ. ಊರವರು ಓದಿದರೆ ಯಾರೆಂದು ಅವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು?

ಸ್ಟಾಫ್ ರೂಮಿನಲ್ಲಿ ಅವನನ್ನು ಸ್ಮಗ್ಲರ್ ಎಂದೇ ಕರೆಯುತ್ತಿದ್ದೆವು. ವಯಸ್ಸಿನಲ್ಲಿದ್ದಾಗ ಗುಡ್ಡದ ದಾರಿಯಲ್ಲಿ ರೇಷ್ಮೆಗೂಡು ಸಾಗಿಸಿದವನು, ಗಾರ್ಡುಗಳ ಕೈಗೆ ಸಿಕ್ಕು ಒದೆ ತಿಂದವನು ಎಂದು ಊರಿಗೆಲ್ಲ ಗೊತ್ತಿತ್ತು. ಆಗ ಪರ್ಮಿಟ್ ಇಲ್ಲದೆ ಗೂಡನ್ನು ಗಡಿ ದಾಟಿಸುವ ಹಾಗಿರಲಿಲ್ಲ. ಟಾರು ರಸ್ತೆಗೆ ಚೆಕ್‌ಪೋಸ್ಟ್ ಇತ್ತು. ಆ ಕಡೆಯ ಗೂಡಿಗೆ ಈ ಕಡೆ ಒಳ್ಳೆ ಧಾರಣೆ. ಹಾಗಾಗಿ ಗುಡ್ಡದ ದಾರಿ. ಅದಕ್ಕೂ ಮುಂಚೆ ಕಂಟ್ರೋಲ್ ಕಾಲದಲ್ಲಿ ಅಕ್ಕಿ, ಆಮೇಲೆ ಸಾರಾಯಿ ಪಾಕೀಟು, ಎಲ್ಲ ಆ ದಾರಿಯಲ್ಲೇ ಹೋಗಿವೆಯಂತೆ. ಈಗ ಕಳ್ಳಮಾಲೂ ಲಾರಿಯಲ್ಲಿ ರಾಜಾರೋಷವಾಗಿ ಟಾರು ರಸ್ತೆಯಲ್ಲೇ ಹೋಗುವುದರಿಂದ ಗುಡ್ಡದಲ್ಲಿ ಕರಡಿಗಳು ಮಾತ್ರ ಓಡಾಡುತ್ತವೆ. "ಏನಪ್ಪಾ ಸ್ಮಗ್ಲರು, ಇವತ್ತು ಚಹಾ ಯಾವ ಗಡಿ ದಾಟಿ ಬಂತು?" ಅಂದರೆ ಲೋಟ ಇಟ್ಟು ನಗುತ್ತಿದ್ದ. ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ.

ನನಗೆ ಶುಗರ್ ಬಂದಾಗ ಡಾಕ್ಟರು ನಡೆಯಲು ಹೇಳಿದರು. ಚಳ್ಳಕೆರೆಯಲ್ಲಿ ನಡೆಯುವುದೆಂದರೆ ಎಣ್ಣೆಮಿಲ್ಲಿನ ಹಿಂಡಿ ವಾಸನೆ, ಎದುರಿಗೆ ಆಟೋ, ಹಿಂದೆ ಲಾರಿ. ಇದನ್ನು ಕೇಳಿ ಅವನು, "ಭಾನ್ವಾರ ಬರ್ರಿ ಸಾ, ನಿಮ್ ಸಕ್ರೆನ ಗುಡ್ಡದ ಮ್ಯಾಲೆ ಸುರಿದು ಬರಾನ" ಅಂದ. ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ನಾನು ದಪ್ಪ ಆಸಾಮಿ, ಎತ್ತರ ಕಂಡರೆ ತಲೆ ತಿರುಗುತ್ತದೆ. ಕಾರೆಮುಳ್ಳು ಪ್ಯಾಂಟಿಗೆ ಸಿಕ್ಕಿಕೊಂಡು, ಸೀತಾಫಲದ ಗಿಡ ಹಿಡಿದುಕೊಂಡು ನಾನು ಏದುಸಿರು ಬಿಡುವಾಗ ಅವನು ಮೇಲಿನ ಬಂಡೆಯಲ್ಲಿ ಹವಾಯಿ ಚಪ್ಪಲಿಯಲ್ಲಿ ನಿಂತು ಕಾಯುತ್ತಿದ್ದ. "ಕಾಲಿಗೆ ಹೇಳ್ಬೇಡ್ರಿ ಸಾ, ಕಲ್ಲಿಗೆ ಕೇಳ್ರಿ" ಎಂಬುದು ಅವನು ಕೊಡುತ್ತಿದ್ದ ಏಕೈಕ ಸಲಹೆ. ಕಲ್ಲು ನನಗೆ ಏನೂ ಹೇಳಲಿಲ್ಲ. ಎರಡು ಸಲ ಬಿದ್ದೆ.

ಅವನ ನಿಯಮಗಳು ಬೇರೆ ಇದ್ದವು. ಹತ್ತುವಾಗ ಎಷ್ಟಾದರೂ ಮಾತಾಡಬಹುದು, ಇಳಿಯುವಾಗ ಬಾಯಿ ಮುಚ್ಚಿರಬೇಕು. ಇಳಿಯುವಾಗ ಮಾತು ನಮಗಿಂತ ಮುಂಚೆ ಕೆಳಗೆ ಹೋಗಿ ಕೂತಿರುತ್ತದಂತೆ. ನೆತ್ತಿಯಲ್ಲಿ ಎರಡು ಬಂಡೆ ತಲೆಗೆ ತಲೆ ಕೊಟ್ಟು ನಿಂತ ಒಂದು ಜಾಗವಿತ್ತು, ಒಳ್ಳೆ ನೆರಳು, ಗಾಳಿ. ನಾನು ಅಲ್ಲಿ ಕೂರಲು ಹೋದರೆ ಅವನು ಬರುತ್ತಿರಲಿಲ್ಲ. ದೂರದಲ್ಲಿ ಬಿಸಿಲಿನಲ್ಲೇ ಕುಕ್ಕರುಗಾಲಲ್ಲಿ ಕೂತು ದೂರದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆ ಎಣಿಸುವವನ ಹಾಗೆ ಆ ಕಡೆ ನೋಡುತ್ತಿದ್ದ. ಯಾಕೆಂದು ಕೇಳಿದರೆ, "ಹಾವು ಇರ್ತಾವೆ ಸಾ" ಅಂದ. ನಾನು ಕೂತಿದ್ದೇನಲ್ಲ ಮಾರಾಯ ಅಂದರೆ, "ನಿಮಗೇನೂ ಮಾಡಲ್ಲ ಬಿಡ್ರಿ" ಅಂದ.

ಇನ್ನೊಂದು ಸಂಗತಿ ಹೇಳಬೇಕು. ಒಮ್ಮೆ ಶಾಲೆಯ ಗೋಡೆ ಗಡಿಯಾರ ಕಾಣೆಯಾಯಿತು. ರಾತ್ರಿ ಯಾರೋ ಕದ್ದಿದ್ದಾರೆ ಎಂದು ಇವನೇ ಬಂದು ಹೇಳಿದ. ಹೆಡ್‌ಮಾಸ್ಟರು ಶಿಸ್ತಿನ ಮನುಷ್ಯ, ಠಾಣೆಗೆ ದೂರು ಬರೆಯಲು ಕೂತರು. ಅರ್ಧ ಪುಟ ಆಗುವಷ್ಟರಲ್ಲಿ ಇವನು ಮಣ್ಣು ಮೆತ್ತಿದ ಗಡಿಯಾರ ತಂದು ಮೇಜಿನ ಮೇಲಿಟ್ಟ. ಗಾಜು ಚೂರಾಗಿತ್ತು. ಧೂಳು ಒರೆಸುವಾಗ ಕೈಜಾರಿ ಬಿದ್ದದ್ದನ್ನು ಶಾಲೆಯ ಹಿಂದೆ ಹೂತು ಬಂದಿದ್ದ. ಒಡೆಯಿತು ಎಂದರೆ ಬೇರೆ ತರಿಸುತ್ತಿದ್ದೆವಲ್ಲಯ್ಯಾ, ಕಳವಾಯಿತು ಅಂತ ಯಾಕೆ ಅಂದೆ ಎಂದು ನಾನು ಕೇಳಿದೆ. "ಕಳುವಾಯ್ತು ಅಂದ್ರೆ ಯಾರ ತಪ್ಪೂ ಅಲ್ಲ ಸಾ. ಒಡೀತು ಅಂದ್ರೆ ನನ್ ತಪ್ಪು" ಅಂದ. ಸ್ಟಾಫ್ ರೂಮಿನಲ್ಲಿ ಒಂದು ವಾರ ಈ ಮಾತನ್ನು ಹೇಳಿಕೊಂಡು ನಕ್ಕೆವು. ಅವನ ಇಡೀ ಜೀವನ ಆ ಮಾತಿನಲ್ಲಿದೆ ಎಂದು ಆಗ ಹೊಳೆಯಲಿಲ್ಲ.

ಅವನು ನಿವೃತ್ತನಾಗಿ ವರ್ಷವಾದ ಮೇಲೆ ಒಂದು ದಿನ ಅವನ ಫೋನು ಬಂತು. "ಸಾ, ಎದೆ ಡಾಕ್ಟ್ರು ಇನ್ನು ಗುಡ್ಡ ಹತ್ಬೇಡ ಅಂದವ್ರೆ. ಕೊನೇ ಸಲ ಹತ್ತಾನ ಅಂತ. ಈ ಸಲ ಆ ಕಡೆ ಪೂರ್ತಿ ಇಳಿದು ಅಕ್ಕನ ಊರಿಗೆ ಹೋಗಬೇಕು. ನೀವು ಬರ್ಬೇಕು." ಡಾಕ್ಟರು ಬೇಡ ಅಂದ ಮೇಲೆ ಬಸ್ಸಿನಲ್ಲೇ ಹೋಗೋಣ ಅಂದೆ. "ಬಸ್ಸಲ್ಲಿ ಹೋದ್ರೆ ಹೇಳಕ್ಕಾಗಲ್ಲ ಸಾ. ನಾಕು ಸಲ ಹಂಗೇ ಹೋಗಿ ಊಟ ಮಾಡ್ಕಂಡು ವಾಪಸ್ ಬಂದೀನಿ." ಏನು ಹೇಳಲಿಕ್ಕೆ ಎಂದು ಕೇಳಿದರೆ ಫೋನು ಇಟ್ಟುಬಿಟ್ಟ.

ಆ ಭಾನುವಾರ ಅವನು ನಿಧಾನಕ್ಕೆ ಹತ್ತಿದ. ಮೊದಲ ಸಲ ನಾನು ಮೇಲಿನ ಬಂಡೆಯಲ್ಲಿ ನಿಂತು ಅವನಿಗೆ ಕಾದೆ. ನೆತ್ತಿಗೆ ಬಂದಾಗ ಅವನೇ ಆ ಎರಡು ಬಂಡೆಗಳ ನಡುವೆ ನುಗ್ಗಿ, ಒಳಗಿನ ಒಂದು ಸಂದಿಯ ಮುಂದೆ ಕೂತ. "ಇಲ್ಲೇ ಸಾ" ಅಂದ. ಆಮೇಲೆ ಹೇಳಿದ.

ಅಕ್ಕ ಹಟ ಹಿಡಿದು ಅತ್ತೆ ಮಾವನನ್ನು ಒಪ್ಪಿಸಿ ಹೊಲದಲ್ಲಿ ಹಿಪ್ಪುನೇರಳೆ ಹಾಕಿಸಿದ್ದಳು. ಅದು ಮೊದಲನೇ ಬೆಳೆ. ಹುಳಕ್ಕೆ ಸೊಪ್ಪು ಹಾಕಿ ಹಾಕಿ ತಿಂಗಳು ನಿದ್ದೆ ಕಂಡಿರಲಿಲ್ಲ. ಗೂಡು ಬಿಡಿಸಿದ ದಿನವೇ ಇವನು ಅದನ್ನು ಹೊತ್ತು ಈ ಕಡೆಗೆ ಹೊರಡಬೇಕಿತ್ತು. ಅಮಾವಾಸ್ಯೆ ಹತ್ತಿರ, ಹೊರಡಬೇಡ ಎಂದು ಮನೆಯವರು ತಡೆದು ಮೂರು ದಿನ ಕಳೆಯಿತು. ಗೂಡಿಗೆ ಅಮಾವಾಸ್ಯೆ ಗೊತ್ತಿಲ್ಲ. ಒಳಗಿನ ಹುಳ ಚಿಟ್ಟೆಯಾಗುವ ದಿನಕ್ಕೆ ಚಿಟ್ಟೆಯಾಗುತ್ತದೆ, ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ, ಯಾರೂ ಕೊಳ್ಳುವುದಿಲ್ಲ.

ಇವನು ಮೂಟೆ ಹೊತ್ತು ನೆತ್ತಿಗೆ ಬಂದಾಗ ಕೆಳಗೆ, ಈ ಕಡೆ ಬುಡದಲ್ಲಿ, ಖಾಕಿ ಹಾಕಿದ ಇಬ್ಬರು ಕಂಡರು. ಮೂಟೆಯನ್ನು ಸಂದಿಯಲ್ಲಿಟ್ಟು, ಗಾಳಿಯಾಡುವಂತೆ ಕಲ್ಲು ಮುಚ್ಚಿ, ಕುರಿಗಳ ಜಾಡು ಹಿಡಿದು ಪಕ್ಕದಿಂದ ಇಳಿದು ಮನೆಗೆ ಹೋದ. ಸಂಜೆ ಬಂದು ದೂರದಿಂದ ನೋಡಿದ. ಖಾಕಿ ಅಲ್ಲೇ ಇದೆ. ಮರುದಿನವೂ ಇದೆ, ಹುಣಸೆಮರದ ಕೆಳಗೆ ಒಲೆ ಹೂಡಿ ಅಡುಗೆ ಮಾಡುತ್ತಿದ್ದಾರೆ. ನಾಲ್ಕನೇ ದಿನ ಹೋದರೆ ಮನುಷ್ಯರಿಲ್ಲ, ಎರಡು ಹೊಸ ಕರೆಂಟ್ ಕಂಬ ನಿಂತಿವೆ. ಅವರು ತಂತಿ ಎಳೆಯುವ ಲೈನ್‌ಮನ್‌ಗಳು.

"ಓಡಿ ಓಡಿ ಹತ್ತಿದೆ ಸಾ. ಕಲ್ಲು ತೆಗೆದ್ರೆ ಸಂದಿ ತುಂಬ ಬಿಳೇ ಚಿಟ್ಟೆ. ಅವು ಹಾರಲ್ಲ ನೋಡ್ರಿ, ಅಲ್ಲೇ ರೆಕ್ಕೆ ಪಟಪಟ ಅನ್ಸ್ಕಂಡು ಕುಂತಿದ್ವು. ಸುಮ್ನೆ ನೋಡ್ತಾ ಕುಂತೆ."

ಗಾರ್ಡುಗಳು ಹಿಡಿದರು, ಮಾಲು ಕಿತ್ತುಕೊಂಡರು, ಹೊಡೆದರು ಎಂದು ಅಕ್ಕನಿಗೆ ಹೇಳಿದ. ಮೈಮೇಲೆ ಗಾಯ ಬೇಕೆಂದು ಬಂಡೆಗೆ ಮೊಣಕೈ ಉಜ್ಜಿಕೊಂಡನಂತೆ. ಗಾರ್ಡಿನ ಕೈಗೆ ಸಿಕ್ಕಿಬೀಳುವುದು ಗಂಡಸಿಗೆ ಆಗುವಂಥದ್ದು. ರೇಷ್ಮೆ ಮನೆಯಲ್ಲಿ ಹುಟ್ಟಿದವನು ಗೂಡಿನಿಂದ ಚಿಟ್ಟೆ ಹೊರಬರಲು ಬಿಟ್ಟ ಎಂದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಅದೇ ತಿಂಗಳು ಮಾವ ಹಿಪ್ಪುನೇರಳೆ ಗಿಡಗಳನ್ನು ಬೇರು ಸಹಿತ ಕೀಳಿಸಿದ. ಅಕ್ಕ ಮತ್ತೆ ಹುಳ ಸಾಕಲಿಲ್ಲ.

ಇಷ್ಟು ವರ್ಷ ಸ್ಮಗ್ಲರ್ ಸ್ಮಗ್ಲರ್ ಎಂದು ಕರೆದದ್ದಕ್ಕೆ ನನಗೆ ನಾಚಿಕೆಯಾಯಿತು. ಆಮೇಲೆ ಯೋಚಿಸಿದರೆ, ಆ ಹೆಸರು ಅವನಿಗೆ ಒಂದು ಆಸರೆಯೂ ಆಗಿತ್ತು. ಇಳಿಯುವಾಗ ನಿಯಮದಂತೆ ಇಬ್ಬರೂ ಮಾತಾಡಲಿಲ್ಲ.

ಅಕ್ಕನಿಗೆ ಎಪ್ಪತ್ತೈದು ದಾಟಿರಬೇಕು. ಗಟ್ಟಿ ದನಿ, ಗಟ್ಟಿ ಕೈ. ಆಕೆಯ ಮನೆಯ ಸೂರಿಗೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೊಂದನ್ನು ಇನ್ನೂ ಸಿಕ್ಕಿಸಿದ್ದರು, ಅದರ ಮೇಲೆ ಕೋಳಿ ಕೂತಿತ್ತು. ನಮ್ಮನ್ನು ಕಂಡವಳೇ, "ಏಮ್ರಾ, ನಡ್ಕಂಡು ಬಂದ್ಯಾ? ಆ ಎದೆ ಇಟ್ಕಂಡು?" ಎಂದು ತಮ್ಮನನ್ನು ಗದರಿ, ನನಗೆ ಕುರ್ಚಿ ಹಾಕಿಸಿದಳು. ಮೇಷ್ಟ್ರು ಎಂದು ತಿಳಿದ ಮೇಲೆ ಹೇಳಲು ಶುರು ಮಾಡಿದಳು.

"ಇವ್ನು ನನಗೋಸ್ಕರ ಏಟು ತಿಂದೋನು ಸ್ವಾಮಿ. ಗೂಡು ಯಾರ್ದು ಅಂತ ಎಷ್ಟು ಹೊಡೆದ್ರೂ ನನ್ ಹೆಸ್ರು ಹೇಳ್ಲಿಲ್ಲ. ನಾನೂ ಬಿಡ್ಲಿಲ್ಲ. ಚೆಕ್‌ಪೋಸ್ಟ್ ಹತ್ರ ಬಸ್ ನಿಂತಾಗೆಲ್ಲ ಇಳಿದು, ಆ ಗಾರ್ಡಿನ ಮುಖಕ್ಕೆ ಹಿಡಿ ಮಣ್ಣು ತೂರಿ, ನಿನ್ ಮನೆ ಹಾಳಾಗ ಅಂತ ಅಂದು ಬಸ್ ಹತ್ತೀನಿ. ಒಂದ್ ಸಲ ಅಲ್ಲ, ಅವ್ನು ಅಲ್ಲಿಂದ ಹೋಗೋವರ್ಗೂ."

ಇವನು ನೆಲ ನೋಡುತ್ತ ಕೂತಿದ್ದ. ಮತ್ತೆ ಊಟ ಮಾಡಿ ವಾಪಸಾಗುತ್ತೇವೆ ಅಂದುಕೊಂಡೆ. ಆದರೆ ಅವನು ಹೇಳಿದ. ತಲೆ ಎತ್ತದೆ, ಒಂದೇ ಉಸಿರಿಗೆ. "ಅಕ್ಕ, ಯಾರೂ ಹಿಡೀಲಿಲ್ಲ. ಗೂಡು ಗುಡ್ಡದ ಮ್ಯಾಲೆ ಇಟ್ಟಿದ್ದೆ. ಚಿಟ್ಟೆ ಬಿಟ್ವು."

ಆಕೆ ನಂಬಲಿಲ್ಲ. ನನ್ನ ಕಡೆ ತಿರುಗಿ ನಕ್ಕಳು. "ನೋಡ್ರಿ, ಅಬದ್ಧ ಹೇಳ್ತಾನೆ. ನಿಮ್ ಮುಂದೆ ಒದೆ ತಿಂದ ಸುದ್ದಿ ತೆಗೆದೆ ಅಂತ ನಾಚ್ಕೆ."

ಅವನು ಅಂಗಿಯ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದ. ಬೀಡಿ ಸೇದದ ಮನುಷ್ಯ ಅದನ್ನು ಯಾಕೆ ಇಟ್ಟುಕೊಂಡಿರುತ್ತಿದ್ದ ಎಂದು ನಾನು ಎಂದೂ ಕೇಳಿರಲಿಲ್ಲ. ಒಳಗೆ ಹತ್ತಿಯ ಮೇಲೆ ಒಂದು ಗೂಡು, ಹಳದಿಯಾಗಿ, ಒಂದು ತುದಿಯಲ್ಲಿ ತೂತು. ಅಕ್ಕ ಅದನ್ನು ತೆಗೆದುಕೊಂಡು, ಯೋಚನೆಯನ್ನೇ ಮಾಡದೆ, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು. ಆ ಅಭ್ಯಾಸ ಎಲ್ಲಿಂದ ಬಂದದ್ದು ಎಂದು ಆಗ ತಿಳಿಯಿತು. ಒಳಗೆ ಹುಳ ಇದ್ದಿದ್ದರೆ ಗೂಡು ಗಲಗಲ ಅನ್ನಬೇಕಿತ್ತು, ಸದ್ದು ಬರಲಿಲ್ಲ. ಕಣ್ಣಿನ ಹತ್ತಿರ ತಂದು, ಕಿರುಬೆರಳಿನ ಉಗುರನ್ನು ತೂತಿಗೆ ಇಟ್ಟು ನೋಡಿದಳು. ಕೋಳಿ ಹಾರಿ ಕೆಳಗಿಳಿಯಿತು, ಆಕೆ ಅದನ್ನು ಓಡಿಸಲೂ ಇಲ್ಲ.

"ಹಂಗಾದ್ರೆ ನಾನು ಮಣ್ಣು ತೂರಿದ್ದು ಯಾರಿಗೋ?" ಅಂದಳು.

ಊಟಕ್ಕೆ ಬಡಿಸಿದಳು, ತಮ್ಮನ ತಟ್ಟೆಗೂ ಮುದ್ದೆ ಹಾಕಿದಳು, ಮುಖ ನೋಡಲಿಲ್ಲ. ನಾವು ಹೊರಟಾಗ ಬಾಗಿಲಿಗೆ ಬಂದು, "ಆ ಮನುಷ್ಯ ಎಲ್ಲಿದಾನೆ ಹುಡುಕು. ಸಿಕ್ಕಿದ್ ಮ್ಯಾಲೆ ನನ್ ಹತ್ರ ಬಾ. ಅಲ್ಲಿವರ್ಗೂ ಬರ್ಬೇಡ" ಅಂದಳು.

ಆ ಎದೆ ಇಟ್ಟುಕೊಂಡು ಅವನು ಎರಡು ತಿಂಗಳು ಹುಡುಕಿದ. ರೇಷ್ಮೆ ಇಲಾಖೆಯ ಹಳೆಯ ಡ್ರೈವರೊಬ್ಬರಿಂದ ತಿಳಿದದ್ದು: ಆಗ ಆ ಚೆಕ್‌ಪೋಸ್ಟಿನಲ್ಲಿದ್ದ ಗಾರ್ಡು ನಿವೃತ್ತನಾಗಿ ಪರಶುರಾಂಪುರದ ಹತ್ತಿರ ತನ್ನ ಹೊಲದಲ್ಲೇ ಇದ್ದಾನೆ. ಮೂವರೂ ಚಳ್ಳಕೆರೆಯಿಂದ ಬಸ್ಸು ಹಿಡಿದು ಹೋದೆವು. ಅಕ್ಕ ಮುಂದಿನ ಸೀಟು, ಇವನು ಹಿಂದಿನ ಸೀಟು, ನಡುವೆ ನಾನು.

ಗಾರ್ಡು ಅಂಗಳದಲ್ಲಿ ಕೂತು ಈರುಳ್ಳಿ ಆರಿಸುತ್ತಿದ್ದರು. ತೆಳ್ಳಗಿನ ಮುದುಕರು, ಬನಿಯನ್ನು, ದಪ್ಪ ಕನ್ನಡಕ. ಅಕ್ಕ ನಿಂತೇ ಹೇಳಿದಳು: "ಚೆಕ್‌ಪೋಸ್ಟ್ ಹತ್ರ ನಿಮಗೆ ಮಣ್ಣು ತೂರಿದೋಳು ನಾನು. ನಿಮ್ದು ತಪ್ಪಿರ್ಲಿಲ್ಲ. ಅದನ್ನ ಹೇಳಿ ಹೋಗಾನ ಅಂತ ಬಂದೆ."

ಅವರು ಕನ್ನಡಕ ಎತ್ತಿ ಆಕೆಯನ್ನು ದಿಟ್ಟಿಸಿದರು. "ನೀವು ಯಾವೋರು ತಾಯಿ? ನನಗೆ ಮಣ್ಣು ತೂರಿದ ಹೆಣ್ಮಕ್ಳು ಒಬ್ರಾ ಇಬ್ರಾ? ಒಬ್ಳು ಸೆಗಣಿನೂ ಎಸ್ದಿದ್ಲು. ಅದೇ ನೌಕ್ರಿ. ಮನೆಗೆ ಬಂದು ಷರಟು ಒಗೆದ್ರೆ ಹೋಗ್ತಿತ್ತು."

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಮುದುಕರು ಒಂದು ಈರುಳ್ಳಿಯ ಸಿಪ್ಪೆ ಬಿಡಿಸಿ ಪಕ್ಕಕ್ಕಿಟ್ಟರು. "ನಾನು ಮರ್ತೆ. ಷರಟು ಒಗೀತಿದ್ದೋಳು ಮರೀಲಿಲ್ಲ ನೋಡ್ರಿ. ಮನೇಲಿ ಯಾರಿಗೆ ಜ್ವರ ಬಂದ್ರೂ ಯಾರ್ ಶಾಪವೋ ಅಂತಿದ್ಲು. ಹೋಗಿ ಆರು ವರ್ಷ ಆಯ್ತು. ಅವ್ಳಿದ್ದಾಗ ಬಂದಿದ್ರೆ ಚೆನ್ನಾಗಿತ್ತು."

ಆಮೇಲೆ ಇವನ ಕಡೆ ನೋಡಿ, "ನೀನ್ಯಾರಪ್ಪ?" ಅಂದರು.

ಇವನು ಬೇಲಿಯ ಹತ್ತಿರವೇ ನಿಂತಿದ್ದ. "ನೀವು ಹಿಡೀದೇ ಇದ್ದೋನು" ಅಂದ.

ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ಇಡೀ ಕಥೆ ಹೇಳಿದ; ಲೈನ್‌ಮನ್‌ಗಳು, ಕಂಬ, ಚಿಟ್ಟೆ, ಸುಳ್ಳು, ಒಂದನ್ನೂ ಬಿಡಲಿಲ್ಲ. ಗಾರ್ಡು ಕೊನೆಯವರೆಗೂ ಕೇಳಿದರು. ಬಯ್ಯಲಿಲ್ಲ. "ಹಿಡಿದಿದ್ರೆ ಚೆನ್ನಾಗಿತ್ತಲ್ಲಪ್ಪ" ಅಂದು ಮತ್ತೆ ಈರುಳ್ಳಿಗೆ ಕೈ ಹಾಕಿದರು. ಇವನೂ ಕೈ ಹಾಕಿದ. ಅಕ್ಕನೂ ಸೆರಗು ಸಿಕ್ಕಿಸಿ ಕೂತಳು. ಬಸ್ಸಿನ ಹೊತ್ತಾಗುವ ತನಕ ಮೂವರೂ ಕೊಳೆತದ್ದನ್ನು ಒಂದು ಕಡೆ, ಒಳ್ಳೆಯದನ್ನು ಒಂದು ಕಡೆ ಮಾಡಿದರು. ಎರಡು ಮೂರು ಸಲ ಅವನು ಈರುಳ್ಳಿಯನ್ನು ಕಿವಿಯ ಹತ್ತಿರ ಒಯ್ದು, ನೆನಪಾಗಿ, ಕೆಳಗಿಳಿಸಿದ್ದು ಕಂಡೆ. ವಾಪಸು ಬರುವಾಗ ಅಕ್ಕ ಅವನ ಸೀಟಿನಲ್ಲಿ ಬಂದು ಕೂತಳು.

ಆ ಮೇಲೆ ಅವನು ಬದುಕಿದ್ದು ಎಂಟು ತಿಂಗಳು. ಗುಡ್ಡ ಹತ್ತಲಿಲ್ಲ, ನಾನೂ ಹತ್ತಲಿಲ್ಲ, ಒಬ್ಬನೇ ಹೋಗುವಷ್ಟು ಕಲ್ಲು ನನ್ನ ಜೊತೆ ಮಾತಾಡುವುದಿಲ್ಲ. ಫೋನು ಮಾಡಿ ಶುಗರ್ ಎಷ್ಟಿದೆ ಎಂದು ಕೇಳುತ್ತಿದ್ದ. ಹೆಚ್ಚಿದೆ ಅಂದರೆ, "ನೋಡಿದ್ರಾ, ಗುಡ್ಡ ಬಿಟ್ರಿ" ಅನ್ನುತ್ತಿದ್ದ. ಒಳ್ಳೆಯ ಜವಾನನೇನಲ್ಲ. ಗಂಟೆ ಐದು ನಿಮಿಷ ತಡವಾಗಿಯೇ ಹೊಡೆಯುತ್ತಿದ್ದ, ಸುಳ್ಳು ಹೇಳುತ್ತಿದ್ದ. ಆದರೂ ಅವನು ನನಗೆ ಇಷ್ಟವಾಗಿದ್ದ. ಅದನ್ನು ಅವನಿಗೆ ಹೇಳಬೇಕೆಂದು ತೋಚಿರಲಿಲ್ಲ.

ಮಣ್ಣು ಮಾಡುವ ದಿನ ಹೋದೆ. ಅವರ ಹೊಲದ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ಮಕ್ಕಳು, ನೆಂಟರು ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿ ಸರಿದರು. ಅಕ್ಕನ ಸರದಿ ಬಂತು. ಆಕೆ ಮಣ್ಣು ಹಿಡಿದುಕೊಂಡು ನಿಂತೇಬಿಟ್ಟಳು. ಬಿಸಿಲು ಜೋರಿತ್ತು, ಹಿಂದೆ ಜನ ಕಾಯುತ್ತಿದ್ದರು. ಊರಿನ ಹಿರಿಯರೊಬ್ಬರು, "ಹಾಕಮ್ಮ, ಹೊತ್ತಾಗ್ತೈತೆ" ಅಂದರು.

"ತಡೀರಿ" ಅಂದಳು ಆಕೆ. "ಈ ಕೈ ಮುಂಚೆ ಮಣ್ಣು ತೂರಿ ಅವಸರ ಮಾಡೈತೆ."

ಆಮೇಲೆ ಕಷ್ಟಪಟ್ಟು ಮಂಡಿಯೂರಿ, ತೋಳು ಎಷ್ಟು ಇಳಿಯುತ್ತದೋ ಅಷ್ಟು ಗುಂಡಿಯೊಳಗೆ ಇಳಿಸಿ, ಬೆರಳು ಬಿಡಿಸಿದಳು.